ಬಿಳಿ ಸೆರಗು, ಬಸಿರು, ಕೂಸು: ನಮ್ಮ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿ ಶುರುವಾದರೆ ಆಸ್ಪತ್ರೆ ಮುಂದಿನ ಹೆಂಗಸರ ಸಾಲು ಕರಗಿಬಿಡುತ್ತದೆ. ನಾಟಿ ಮುಗಿದ ಮರುವಾರ ಅದೇ ಸಾಲು ಗೇಟಿನ ತನಕ ಬರುತ್ತದೆ. ಚೀಟಿಯಲ್ಲಿ "ಸೊಂಟನೋವು" ಎಂದು ಬರೆದಿರುತ್ತದೆ. ಸೊಂಟದ ಮಾತೆಲ್ಲ ಮುಗಿದು, ಗುಳಿಗೆ ತಗೊಂಡು, ಎದ್ದು ನಿಂತು, ಬಾಗಿಲ ಕಡೆ ಒಮ್ಮೆ ನೋಡಿ ಆಮೇಲೆ ದನಿ ಇಳಿಸುತ್ತಾರೆ: "ಅಕ್ಕಾರ, ಇನ್ನೊಂದೈತ್ರೀ." ಆಪ್ತ ಸಮಾಲೋಚಕಿಯಾಗಿ ನಾನು ವರ್ಷಗಟ್ಟಲೆ ಕೇಳಿದ್ದು ಆ "ಇನ್ನೊಂದ"ನ್ನೇ: ಬಿಳಿ ಸೆರಗು, ಅಂದರೆ ಯೋನಿಯಿಂದ ಬಿಳಿ ಸ್ರಾವ ಹೋಗುವುದು, ಮತ್ತು ಇಂಥ ಸೋಂಕುಗಳಿಂದ ಬಸಿರಿಗೆ, ಕೂಸಿಗೆ ಆಗುವ ತೊಂದರೆ. ಅವರ ಪ್ರಶ್ನೆಯನ್ನು ಅವರ ಮಾತಲ್ಲೇ ಇಟ್ಟು, ಉತ್ತರವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಬಸುರಿ ಇರುವ ಮನೆಯ ಗಂಡಸರೂ ಇದನ್ನು ಓದಬೇಕೆಂಬುದು ನನ್ನ ಆಸೆ.

"ಬಿಳಿ ಹೋಗೋದು ಉಷ್ಣಕ್ಕ ಅಂತಾರ. ಹೌದೇನ್ರೀ?"

ಅಲ್ಲ. ರಾಯಚೂರಿನ ಬಿಸಿಲು ಎಷ್ಟೇ ಸುಡಲಿ, ಮೈಯ ಉಷ್ಣ ಬಿಳಿಯಾಗಿ ಇಳಿಯುವುದಿಲ್ಲ. ಎಳನೀರು ಕುಡಿಯಿರಿ, ಸಬ್ಬಕ್ಕಿ ಗಂಜಿ ಕುಡಿಯಿರಿ, ಮೈಗೆ ಒಳ್ಳೆಯದೇ; ಆದರೆ ಸೋಂಕು ಇದ್ದರೆ ಅದು ಗಂಜಿಗೆ ಹೋಗುವುದಿಲ್ಲ.

ಹಾಗಂತ ಎಲ್ಲ ಬಿಳಿಯೂ ರೋಗವಲ್ಲ. ಮುಟ್ಟು ನಿಂತ ಸುಮಾರು ಹತ್ತು ದಿನಕ್ಕೆ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಹೋಗುವುದು ಆರೋಗ್ಯದ ಲಕ್ಷಣ. ಬಸಿರಿನಲ್ಲಿ ಈ ಸ್ರಾವ ಇನ್ನೂ ಹೆಚ್ಚುತ್ತದೆ. ತಿಳಿಯಾಗಿ ಅಥವಾ ಹಾಲಿನ ಬಣ್ಣದಲ್ಲಿದ್ದು, ವಾಸನೆ, ತುರಿಕೆ, ಉರಿ ಏನೂ ಇಲ್ಲದಿದ್ದರೆ ಹೆದರಬೇಡಿ. ಬಣ್ಣ ತಿರುಗಿದರೆ, ನಾತ ಬಂದರೆ, ಉಚ್ಚೆ ಹೊಯ್ಯುವಾಗ ಉರಿದರೆ, ಕಿಬ್ಬೊಟ್ಟೆ ನೋಯತೊಡಗಿದರೆ ತೋರಿಸಬೇಕು.

"ಯಾವ ಬಿಳಿ ಯಾವ ರೋಗದ್ದು ಅಂತ ಹೆಂಗ ಗೊತ್ತಾಗಬೇಕ್ರೀ?"

ಕಣ್ಣಂದಾಜಿಗೆ ಸ್ವಲ್ಪ ಗೊತ್ತಾಗುತ್ತದೆ, ಪೂರ್ತಿ ಅಲ್ಲ. ಒಡೆದ ಮೊಸರಿನಂತೆ ಗರಣೆ ಗರಣೆಯಾಗಿದ್ದು, ನಿದ್ದೆಗೆಡಿಸುವಷ್ಟು ತುರಿಕೆ ಇದ್ದರೆ ಹೆಚ್ಚಾಗಿ ಅದು ಕ್ಯಾಂಡಿಡಾ ಎಂಬ ಬೂಸ್ಟು ಜಾತಿಯ ಸೋಂಕು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಬೂದುಬಣ್ಣದ ತೆಳು ಸ್ರಾವ, ಮೀನಿನ ವಾಸನೆ, ಅದೂ ಗಂಡನ ಜೊತೆ ಮಲಗಿದ ಮೇಲೆ ಜಾಸ್ತಿ ಎಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ಇದು ಹೊರಗಿಂದ ಬಂದು ಸೇರಿದ ರೋಗವಲ್ಲ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಜೀವಿಗಳಿರುತ್ತವೆ, ಮೊಸರಿನಲ್ಲಿರುವವುಗಳ ಬಳಗದವು. ಅವು ಅಲ್ಲಿ ಹುಳಿ ಕಾಯುತ್ತವೆ. ಅವು ಕಡಿಮೆಯಾದಾಗ ಉಳಿದವು ಮೇಲುಗೈ ಆಗುತ್ತವೆ.

ಮೂರನೆಯದು ಟ್ರೈಕೊಮೊನಾಸ್. ಹಳದಿ ಹಸಿರು ಬಣ್ಣದ ನೊರೆನೊರೆ ಸ್ರಾವ, ಉರಿ. ಒಮ್ಮೆ ಲ್ಯಾಬಿನ ಟೆಕ್ನೀಶಿಯನ್ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಲೈನ್ ನೀರು, ಅದರಲ್ಲಿ ಬೀಜದಾಕಾರದ ಸಣ್ಣ ಜೀವಿಗಳು ಬಾಲ ಬಡಿಯುತ್ತ ಗಿರಗಿರ ತಿರುಗುತ್ತಿದ್ದವು. ತೆಗೆದ ಕೂಡಲೇ ನೋಡಬೇಕು. ತಡವಾದರೆ ಅಲ್ಲಾಟ ನಿಂತು ಗುರುತು ಸಿಗುವುದಿಲ್ಲ. ಇದು ದೇಹಸಂಪರ್ಕದಿಂದ ಬರುವುದರಿಂದ ಗಂಡನಿಗೂ ಔಷಧ ಬೇಕು.

ಹೀಗೇ ದೇಹಸಂಪರ್ಕದಿಂದ ಬರುವ ಇನ್ನೆರಡು ಸೋಂಕು, ಗೊನೋರಿಯಾ ಮತ್ತು ಕ್ಲಮೈಡಿಯಾ, ಗರ್ಭಕೋಶದ ಬಾಯಿಯಲ್ಲಿ ಕೂರುತ್ತವೆ. ಗಂಡಸರಿಗೆ ಬಂದರೆ ಗೊನೋರಿಯಾ ಉರಿ, ಕೀವು ತೋರಿಸಿ ಎಬ್ಬಿಸುತ್ತದೆ. ಹೆಂಗಸರಲ್ಲಿ ಬಹಳ ಸಲ ಎರಡೂ ಏನೂ ತೋರಿಸದೆ ಇರುತ್ತವೆ.

"ತುರಿಕಿ ಜಾಸ್ತಿ ಇದ್ರ ಕೂಸಿಗೂ ಜಾಸ್ತಿ ತ್ರಾಸೇನ್ರೀ?"

ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ ಎಂದರೂ ಸರಿ. ನಮ್ಮ ಅಂದಾಜು ಇಲ್ಲಿ ತಲೆಕೆಳಗಾಗುತ್ತದೆ. ತಾಯಿಯನ್ನು ರಾತ್ರಿಯೆಲ್ಲ ಎಚ್ಚರ ಇಡುವ ಕ್ಯಾಂಡಿಡಾದಿಂದ ಕೂಸಿಗೆ ಆಗುವುದು ಸಾಮಾನ್ಯವಾಗಿ ಬಾಯಲ್ಲಿ ಬಿಳಿ ಪದರ ಅಷ್ಟೇ. ಒಂದು ವಾರದ ಔಷಧಕ್ಕೆ ಹೋಗುತ್ತದೆ. ತುರಿಕೆಯಿಲ್ಲದ, ಬಿಳಿ ಹೋಗಿಸದ, ನೋವೂ ಕೊಡದ ಸಿಫಿಲಿಸ್ ಎಂಬ ದೇಹಸಂಪರ್ಕದ ರೋಗ ಮಾತ್ರ ಹೊಟ್ಟೆಯೊಳಗೇ ಕೂಸನ್ನು ಕೊಲ್ಲಬಲ್ಲದು.

ಆದ್ದರಿಂದ "ನನಗ ಏನೂ ತ್ರಾಸಿಲ್ಲ, ರಕ್ತ ಯಾಕ ಕೊಡ್ಲಿ" ಎಂದು ಹಿಂದೆ ಸರಿಯುವ ಬಸುರಿಗೇ ನಾನು ಹೆಚ್ಚು ಹೊತ್ತು ಕೂರಿಸಿ ಹೇಳುವುದು. ಬಿಳಿ ನಮ್ಮ ಕಣ್ಣಿಗೆ ಕಾಣುತ್ತದೆ. ಕಾಣದ ಸಿಫಿಲಿಸನ್ನು ತೋರಿಸುವುದು ರಕ್ತಪರೀಕ್ಷೆ.

"ಹೊಟ್ಟ್ಯಾಗಿನ ಕೂಸಿಗೆ ಅದು ಹೆಂಗ ಮುಟ್ಟತೈತ್ರೀ?"

ಮೂರು ದಾರಿಯಿಂದ. ಸಿಫಿಲಿಸ್ ರೋಗಾಣು ತಾಯಿಯ ರಕ್ತದಿಂದ ಮಾಸು ದಾಟಿ ನೇರವಾಗಿ ಕೂಸಿನ ರಕ್ತಕ್ಕೆ ಇಳಿಯುತ್ತದೆ. ಎಚ್‌ಐವಿಗೂ ಈ ದಾರಿ ಉಂಟು, ಆದರೆ ಅದು ಹೆರಿಗೆ ಹೊತ್ತಿನಲ್ಲಿ ಮತ್ತು ಎದೆಹಾಲಿನಿಂದಲೂ ಹರಡುತ್ತದೆ. ಎರಡನೆಯದು ಕೆಳಗಿನಿಂದ ಮೇಲಕ್ಕೆ: ಯೋನಿಯ ಸೋಂಕು ಗರ್ಭಕೋಶದ ಬಾಯಿ ದಾಟಿ ನೀರಿನ ಚೀಲಕ್ಕೆ ತಗುಲಿದರೆ ಚೀಲ ಬೇಗ ಒಡೆಯಬಹುದು, 37 ವಾರ ತುಂಬುವ ಮೊದಲೇ ಹೆರಿಗೆಯಾಗಬಹುದು. ಬ್ಯಾಕ್ಟೀರಿಯಲ್ ವಜೈನೋಸಿಸ್, ಟ್ರೈಕೊಮೊನಾಸ್ ಇದ್ದವರಲ್ಲಿ ದಿನ ತುಂಬದ ಹೆರಿಗೆ ಹೆಚ್ಚು ಕಂಡುಬರುತ್ತದೆ. ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಗುವ ಕೂಸು ಎಂದರೆ ಮೈ ಬೆಚ್ಚಗಿಟ್ಟುಕೊಳ್ಳಲು, ಹಾಲು ಎಳೆಯಲು, ನಂಜಿಗೆ ಎದುರು ನಿಲ್ಲಲು ಶಕ್ತಿ ಕಡಿಮೆ. ಮೂರನೆಯದು ಹೊರಬರುವ ಹಾದಿಯಲ್ಲಿ, ಕೂಸಿನ ಕಣ್ಣು, ಮೂಗು, ಬಾಯಿಗೆ ತಾಗುವುದು.

"ವಿಡಿಆರ್‌ಎಲ್ ಪಾಸಿಟಿವ್ ಅಂತ ಬರದಾರ. ನನಗ ಏನೂ ಆಗಿಲ್ಲಲ್ರೀ?"

ವಿಡಿಆರ್‌ಎಲ್ ಎಂದರೆ ಸಿಫಿಲಿಸ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆ. ಹಿಂದಿನವರು ಪರಂಗಿ ಹುಣ್ಣು ಎನ್ನುತ್ತಿದ್ದದ್ದು ಇದನ್ನೇ. ಮೊದಲು ಒಂದು ನೋವಿಲ್ಲದ ಹುಣ್ಣು ಬರುತ್ತದೆ, ಹೆಂಗಸರಿಗೆ ಒಳಗಡೆ ಆದರೆ ಗೊತ್ತೇ ಆಗುವುದಿಲ್ಲ. ತಾನಾಗಿ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಬೇರೆ ಕಾರಣಕ್ಕೂ ಈ ಪರೀಕ್ಷೆ ಒಮ್ಮೊಮ್ಮೆ ಪಾಸಿಟಿವ್ ತೋರಿಸುವುದುಂಟು, ಅದಕ್ಕೇ ಇನ್ನೊಂದು ಬಗೆಯ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆದರೆ ಬಸುರಿಯ ವಿಷಯದಲ್ಲಿ ಆ ಫಲಿತಾಂಶಕ್ಕೆ ಕಾದು ಚಿಕಿತ್ಸೆ ತಡಮಾಡಬಾರದು.

ಚಿಕಿತ್ಸೆ ಇಲ್ಲದೆ ಬಿಟ್ಟರೆ ಅರ್ಧಕ್ಕೂ ಹೆಚ್ಚು ಬಸಿರುಗಳಿಗೆ ಪೆಟ್ಟು ಬೀಳುತ್ತದೆ: ಗರ್ಭ ಇಳಿಯುವುದು, ಸತ್ತ ಕೂಸು ಹುಟ್ಟುವುದು, ದಿನ ತುಂಬದೆ ಹುಟ್ಟುವುದು, ಇಲ್ಲವೇ ರೋಗ ಹೊತ್ತೇ ಹುಟ್ಟುವುದು. ಅಂಥ ಕೂಸಿನ ಅಂಗೈ ಅಂಗಾಲಲ್ಲಿ ಚರ್ಮ ಸುಲಿಯಬಹುದು, ಮೂಗು ಸದಾ ಸೋರಬಹುದು, ಪಿತ್ತಕೋಶದ ಬದಿಯ ಯಕೃತ್ತು ಬಾತಿರಬಹುದು. ಹುಟ್ಟಿದಾಗ ಚೆನ್ನಾಗಿಯೇ ಕಂಡು, ವಾರಗಳ ಮೇಲೆ ತೋರಿಸಿಕೊಳ್ಳುವುದೂ ಉಂಟು.

ಕುಷ್ಟಗಿ ಕಡೆಯ ಒಬ್ಬಾಕೆ ನನ್ನೆದುರು ಕೂತದ್ದು ಮರೆಯುವುದಿಲ್ಲ. ಮೊದಲನೆಯದು ಏಳು ತಿಂಗಳಿಗೆ ಹೊಟ್ಟೆಯಲ್ಲೇ ಹೋಗಿತ್ತು, ಎರಡನೆಯದು ಹುಟ್ಟಿ ಅಳಲೇ ಇಲ್ಲ. ಕೊರಳಲ್ಲಿ ಮೂರು ತಾಯತ ಇದ್ದವು. ದೃಷ್ಟಿ ಎಂದು, ಮಾಟ ಎಂದು, ಸೊಸೆಯ ಕಾಲ್ಗುಣ ಎಂದು ಮನೆಯಲ್ಲಿ ಎಲ್ಲ ಆಗಿತ್ತು. ಎರಡು ಬಸಿರಿನಲ್ಲಿ ಒಮ್ಮೆಯೂ ಈ ರಕ್ತಪರೀಕ್ಷೆ ಮಾತ್ರ ಆಗಿರಲಿಲ್ಲ. ಮೂರನೆಯ ಬಸಿರಿನ ನಾಲ್ಕನೆಯ ತಿಂಗಳಲ್ಲಿ ಗೊತ್ತಾಯಿತು. ಆಕೆ ಕೇಳಿದ್ದು ಒಂದೇ ಮಾತು: "ಹಂಗಾದ್ರ ಅವೆರಡೂ ಉಳೀತಿದ್ವೇನ್ರೀ?" ಆಕೆಗೆ ಏನು ಹೇಳಿದೆ ಎಂಬುದು ಈಗ ನೆನಪಿಲ್ಲ. ಇಂಜೆಕ್ಷನ್ ಆಯಿತು, ದಿನ ತುಂಬಿ ಗಂಡುಕೂಸು ಹುಟ್ಟಿತು.

ಮದ್ದು ಹಳೆಯದು, ಅಗ್ಗದ್ದು: ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಅರ್ಧರ್ಧ ಮಾಡಿ ಎರಡೂ ಕುಂಡಿಗೆ. ಸೋಂಕು ಎಂದಿನದೋ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ವಾರ. ಬಸುರಿಗೆ ಇದೇ ಬೇಕು, ಏಕೆಂದರೆ ಬದಲಿ ಗುಳಿಗೆಗಳು ಕೂಸನ್ನು ನಂಬುವಂತೆ ಕಾಯುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸುತ್ತಾರೆ. ಹೆರಿಗೆಗೆ ಕನಿಷ್ಠ 30 ದಿನ ಮೊದಲು ಚಿಕಿತ್ಸೆ ಆಗಿರಬೇಕು. ಒಂಬತ್ತನೆಯ ತಿಂಗಳಲ್ಲಿ ಗೊತ್ತಾದರೂ ಇಂಜೆಕ್ಷನ್ ಬಿಡಬಾರದು. ಆಗ ಹುಟ್ಟಿದ ಕೂಸಿಗೂ ಪರೀಕ್ಷೆ, ಚಿಕಿತ್ಸೆ ಬೇಕಾಗುತ್ತದೆ.

"ಬ್ಯಾನಿ ನನಗ ಅಂದ್ರ, ಗಂಡಗ ಯಾಕ ಗುಳಿಗಿ?"

ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ, ಟ್ರೈಕೊಮೊನಾಸ್ ಇವು ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಹೆಂಡತಿಗೆ ಮಾತ್ರ ಚಿಕಿತ್ಸೆ ಕೊಟ್ಟರೆ ಮತ್ತೆ ಗಂಡನಿಂದ ಬರುತ್ತದೆ, ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಇಬ್ಬರಿಗೂ ಒಟ್ಟಿಗೆ ಔಷಧ, ಅದು ಮುಗಿಯುವ ತನಕ ನಿರೋಧ್ ಇಲ್ಲವೇ ದೂರ.

ನಮ್ಮ ಕಡೆ ಇದು ಹೇಳಿದಷ್ಟು ಸುಲಭವಲ್ಲ. ಗಂಡ ಗುಳೆ ಹೋಗಿರುತ್ತಾನೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಪುಣೆಗೋ. ಹಬ್ಬಕ್ಕೆ ಬಂದು ನಾಲ್ಕು ದಿನವಿದ್ದು ಹೋಗುತ್ತಾನೆ. ಫೋನಿನಲ್ಲಿ ಹೇಳಲು ಹೆಂಡತಿಗೆ ಭಯ: "ನಿನಗ ಎಲ್ಲಿಂದ ಬಂತು" ಎಂದು ಅವನೇ ತಿರುಗಿಬಿದ್ದರೆ? ಆ ಭಯ ಸುಳ್ಳಲ್ಲ. ನಾನು ಗಂಡಸರಿಗೆ ಹೇಳುವುದು ಇಷ್ಟೇ: ಯಾರಿಂದ ಯಾರಿಗೆ, ಯಾವಾಗ ಎಂದು ಈ ರಕ್ತಪರೀಕ್ಷೆ ಹೇಳುವುದಿಲ್ಲ, ವರ್ಷಗಳ ಹಿಂದಿನದೂ ಇರಬಹುದು. ಹುಟ್ಟಲಿರುವುದು ನಿಮ್ಮ ಕೂಸು. ಎಲ್ಲಿ ದುಡಿಯುತ್ತಿದ್ದೀರೋ ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಿ. ಹೆಂಡತಿಯ ಚೀಟಿಯ ಫೋಟೋ ಫೋನಿನಲ್ಲಿದ್ದರೆ ಸಾಕು.

ಕ್ಯಾಂಡಿಡಾ, ಬ್ಯಾಕ್ಟೀರಿಯಲ್ ವಜೈನೋಸಿಸ್ ಆದರೆ ಸಾಮಾನ್ಯವಾಗಿ ಗಂಡನಿಗೆ ಔಷಧದ ಅಗತ್ಯ ಬೀಳುವುದಿಲ್ಲ. ಬಿಳಿ ಹೋಗುತ್ತಿದೆ ಎಂದ ಮಾತ್ರಕ್ಕೆ ಯಾರ ನಡತೆಯ ಮೇಲೂ ಸಂಶಯ ಪಡುವ ಕಾರಣವಿಲ್ಲ. ಇದನ್ನು ಅತ್ತೆಯಂದಿರ ಎದುರೂ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

"ಕೂಸಿನ ಕಣ್ಣಾಗ ಪಿಸರು ಬರತೈತಿ. ಎದಿಹಾಲು ಹಿಂಡಲೇನ್ರೀ?"

ಬೇಡ. ಮೂರು ದಿನದ ಒಂದು ಕೂಸನ್ನು ತಂದಿದ್ದರು. ಎರಡೂ ರೆಪ್ಪೆ ಬಾತು ಅಂಟಿಕೊಂಡಿದ್ದವು. ನರ್ಸ್ ಹತ್ತಿ ನೆನೆಸಿ ಒರೆಸಿದರೆ ಹಳದಿ ಕೀವು ಮತ್ತೆ ಒಸರುತ್ತಿತ್ತು. ದೃಷ್ಟಿ ಆಗದಿರಲೆಂದು ಹಚ್ಚಿದ್ದ ಕಾಡಿಗೆ ಕೀವಿನಲ್ಲಿ ಕದಡಿ ಕೆನ್ನೆಯ ಮೇಲೆ ಕಪ್ಪು ಗೆರೆಯಾಗಿ ಇಳಿದಿತ್ತು. ಅಜ್ಜಿ ಹಿಂದಿನ ರಾತ್ರಿ ಔಡಲೆಣ್ಣೆಯನ್ನೂ ಬಿಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು ಅದೆಲ್ಲ, ಆದರೆ ಒಂದು ರಾತ್ರಿ ಕೈತಪ್ಪಿತು.

ಹುಟ್ಟಿದ ಎರಡರಿಂದ ಐದು ದಿನದೊಳಗೆ ರೆಪ್ಪೆ ಬಾತು ಕೀವು ಸುರಿದರೆ ಗೊನೋರಿಯಾ ಎಂದು ಸಂಶಯಪಡಬೇಕು. ಅದು ಕಪ್ಪುಗುಡ್ಡೆಯ ಮೇಲಿನ ಪದರವನ್ನೇ ತೂತು ಮಾಡಿ ದೃಷ್ಟಿ ಕಳೆಯಬಲ್ಲದು, ಆದ್ದರಿಂದ ಅದೇ ದಿನ ಆಸ್ಪತ್ರೆ. ಇಂಜೆಕ್ಷನ್ ಕೊಟ್ಟು, ಸಲೈನಿನಲ್ಲಿ ಮೇಲಿಂದ ಮೇಲೆ ಕಣ್ಣು ತೊಳೆಯುತ್ತಾರೆ. ಐದರಿಂದ ಹದಿನಾಲ್ಕು ದಿನದೊಳಗೆ ಶುರುವಾದರೆ ಹೆಚ್ಚಾಗಿ ಕ್ಲಮೈಡಿಯಾ; ಅದಕ್ಕೆ ಬರೀ ಕಣ್ಣಿನ ಹನಿ ಸಾಲದು, ಬಾಯಿಂದ ಔಷಧ ಬೇಕು, ಏಕೆಂದರೆ ಅದು ಎದೆಗೂ ಇಳಿದು ಒಂದರಿಂದ ಮೂರು ತಿಂಗಳ ನಡುವೆ ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳಬಹುದು. ಜ್ವರವಿಲ್ಲದ ಬಿಡದ ಕೆಮ್ಮು ಅದರ ಗುರುತು. ಕೂಸಿನ ಕಣ್ಣಿನಲ್ಲಿ ಇವು ಕಂಡರೆ ತಾಯಿ ತಂದೆ ಇಬ್ಬರಿಗೂ ಚಿಕಿತ್ಸೆ ಬೇಕು.

ಜರ್ಮನಿಯ ಲೈಪ್ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯ 1880ರಲ್ಲಿ, ಹುಟ್ಟಿದ ಕೂಡಲೇ ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಪದ್ಧತಿ ತಂದ. ಅಲ್ಲಿಯ ತನಕ ಯುರೋಪಿನಲ್ಲಿ ಎಷ್ಟೋ ಮಕ್ಕಳ ಕಣ್ಣು ಈ ಒಂದು ಸೋಂಕಿಗೇ ಹೋಗುತ್ತಿತ್ತು. ಈಗ ಆ ಜಾಗಕ್ಕೆ ಆಂಟಿಬಯೋಟಿಕ್ ಮುಲಾಮು ಬಂದಿದೆ.

ಕಣ್ಣಿನ ಮೂಲೆಯಲ್ಲಿ ಬರೀ ನೀರು, ಚೂರು ಪಿಸರು ಇದ್ದು ಬಿಳಿಗುಡ್ಡೆ ತಿಳಿಯಾಗಿದ್ದರೆ ಕಣ್ಣೀರಿನ ನಾಳ ಕಟ್ಟಿರಬಹುದು, ಅಂಥ ಅಪಾಯವಿಲ್ಲ. ಆದರೂ ಒಮ್ಮೆ ತೋರಿಸಿ.

"ನೀರು ಹೋಗಾಕತ್ತೈತಿ, ಬ್ಯಾನಿ ಇಲ್ಲ. ಬ್ಯಾನಿ ಬರೋತನಕ ಕಾಯೂಣೇನ್ರೀ?"

ಕಾಯಬಾರದು. ನೀರಿನ ಚೀಲ ಇರುವ ತನಕ ಕೂಸಿಗೆ ಅದೇ ಕಾವಲು. ಒಡೆದು 18 ಗಂಟೆ ದಾಟಿದರೆ ಕೂಸಿಗೆ ನಂಜಾಗುವ ಅಪಾಯ ಏರುತ್ತದೆ. ಒಡೆದ ಹೊತ್ತು ಗಡಿಯಾರ ನೋಡಿ ಇಟ್ಟುಕೊಂಡು, 108ಕ್ಕೆ ಫೋನ್ ಮಾಡಿ. ನೀರು ಹಸಿರಾಗಿದ್ದರೆ, ನಾತ ಬರುತ್ತಿದ್ದರೆ, ಮೈ ಬಿಸಿಯಾಗಿದ್ದರೆ ಹೋದ ಕೂಡಲೇ ಅದನ್ನು ಮೊದಲು ಹೇಳಿ.

"ಎಚ್‌ಐವಿ ಇದ್ದಾಕಿ ಹಡೆಯಬಹುದೇನ್ರೀ?"

ಹಡೆಯಬಹುದು. ಏನೂ ಮಾಡದೆ ಬಿಟ್ಟರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ತಗುಲುತ್ತದೆ. ತಾಯಿ ಎಆರ್‌ಟಿ ಎಂಬ ಎಚ್‌ಐವಿ ಹತ್ತಿಕ್ಕುವ ಗುಳಿಗೆ ತಪ್ಪದೆ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಕೂಸಿಗೂ ಹುಟ್ಟಿದಾಗಿನಿಂದ ವಾರಗಳ ಕಾಲ ಸಿರಪ್ ಕೊಡುತ್ತಾರೆ, ಆರನೆಯ ವಾರಕ್ಕೆ ಮೊದಲ ಪರೀಕ್ಷೆ. ಯಾರಿಗೂ ಹೇಳದೆ ಗುಟ್ಟು ಕಾಯುವುದು ನಮ್ಮ ಉಪಕಾರವಲ್ಲ, 2017ರ ಎಚ್‌ಐವಿ ಕಾಯ್ದೆ ಕೊಟ್ಟ ಹಕ್ಕು. ಮಾತಾಡಬೇಕೆನಿಸಿದರೆ 1097ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು.

"ಕಾಮಾಲಿ ಟೆಸ್ಟ್ ಯಾಕ್ರೀ?"

ಕಾಮಾಲೆ ತರುವ ಹೆಪಟೈಟಿಸ್ ಬಿ ಎಂಬ ಸೋಂಕು ತಾಯಿಯಿಂದ ಕೂಸಿಗೆ ಹೆಚ್ಚಾಗಿ ಹೆರಿಗೆಯಲ್ಲೇ ದಾಟುತ್ತದೆ. ಹುಟ್ಟಿದ 24 ಗಂಟೆಯೊಳಗೆ ಎಲ್ಲ ಕೂಸುಗಳಿಗೂ ಲಸಿಕೆ. ತಾಯಿಗೆ ಇದೆ ಎಂದು ಮೊದಲೇ ಗೊತ್ತಿದ್ದರೆ 12 ಗಂಟೆಯೊಳಗೆ ಇನ್ನೊಂದು ಇಂಜೆಕ್ಷನ್ ಕೂಡ.

"ಮೆಡಿಕಲ್ ಶಾಪ್‌ನಾಗ ಕೇಳಿ ಗುಳಿಗಿ ತಗೊಂಡ್ರ ನಡೀತೈತೇನ್ರೀ?"

ಬಸುರಿಯಾಗಿದ್ದರೆ ಖಂಡಿತ ಬೇಡ. ಬಿಳಿಗೆಂದು ಅಂಗಡಿಯಲ್ಲಿ ಕೊಡುವ ಫ್ಲುಕೊನಜೋಲ್ ಗುಳಿಗೆ ಬಸಿರಿನಲ್ಲಿ ನುಂಗುವಂಥದ್ದಲ್ಲ, ಡಾಕ್ಸಿಸೈಕ್ಲಿನ್ ಕೂಡ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಸೋಂಕು ನೋಡುವ ಸುರಕ್ಷಾ ಕ್ಲಿನಿಕ್‌ನವರು ಬಿಳಿಗೆಂದು ಕೊಡುವ ಹಸಿರು ಕಿಟ್‌ನಲ್ಲೂ ಫ್ಲುಕೊನಜೋಲ್ ಇರುತ್ತದೆ. ನಾದಿನಿಗೆ ಕೊಟ್ಟ ಕಿಟ್ ಮನೆಯಲ್ಲಿದೆ ಎಂದು ನೀವು ತಗೊಳ್ಳಬೇಡಿ. ಬಸುರಿಗೆ ಕ್ಯಾಂಡಿಡಾ ಆದರೆ ಒಳಗಿಡುವ ಕ್ಲೋಟ್ರಿಮಜೋಲ್ ಗುಳಿಗೆ ಇದೆ. ತಿಂಗಳು ತಪ್ಪಿದ್ದರೆ, ಅನುಮಾನವಷ್ಟೇ ಇದ್ದರೂ, ಮೊದಲು ಅದನ್ನು ಹೇಳಿ.

"ಡೆಟಾಲ್ ಹಾಕಿ ಒಳಗ ತೊಳದ್ರ?"

ಒಳಗೆ ತೊಳೆಯಬೇಡಿ, ಸೋಪೂ ಬೇಡ. ಹುಳಿ ಕಾಯುವ ಆ ಒಳ್ಳೆಯ ಜೀವಿಗಳೇ ಸಾಯುತ್ತವೆ. ಹೊರಗೆ ಬರೀ ನೀರು ಸಾಕು, ಮುಂದಿನಿಂದ ಹಿಂದಕ್ಕೆ. ಮುಟ್ಟಿನ ಬಟ್ಟೆಯನ್ನು ಸೀರೆಯ ಅಡಿಯಲ್ಲಿ ಮುಚ್ಚಿ ಒಣಗಿಸುವುದು ಬಿಟ್ಟು ಬಿಸಿಲಿಗೆ ಹಾಕಿ. ನೀರೇ ಎರಡು ದಿನಕ್ಕೊಮ್ಮೆ ಬರುವ ಊರಲ್ಲಿ, ಗದ್ದೆಯಲ್ಲಿ ಮರೆಯಿಲ್ಲದೆ ಇಡೀ ದಿನ ಉಚ್ಚೆ ತಡೆದು ದುಡಿಯುವವರಿಗೆ "ಸ್ವಚ್ಛವಾಗಿರಿ" ಎಂದು ಬೋಧಿಸಲು ನನಗೆ ಮನಸ್ಸು ಬರುವುದಿಲ್ಲ. ತಪ್ಪು ಅವರದಲ್ಲ.

"ಬಿಳಿ ನಿಲ್ಲವಲ್ತು. ಗರ್ಭಚೀಲ ತೆಗಿಸಿಬಿಡ್ರಿ ಅಂತಾರ."

ಸೋಂಕಿಗೆ ಗರ್ಭಚೀಲ ತೆಗೆಸುವುದು ಚಿಕಿತ್ಸೆಯಲ್ಲ. ಸೋಂಕು ಯೋನಿಯಲ್ಲಿದ್ದರೆ ಚೀಲ ತೆಗೆದ ಮೇಲೂ ಅದು ಇರುತ್ತದೆ. ಹಾಗೆ ಹೇಳಿದರೆ ಇನ್ನೊಬ್ಬ ವೈದ್ಯರಿಗೆ ತೋರಿಸದೆ ಸಹಿ ಮಾಡಬೇಡಿ. ಮೂವತ್ತು ದಾಟಿದವರು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

"ಕೂಸಿಗೆ ನಂಜಾಗೇತಿ ಅಂತ ಮನ್ಯಾಗ ಹೆಂಗ ತಿಳೀಬೇಕ್ರೀ?"

ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಕುಡಿಯುವುದು ಬಿಟ್ಟರೆ ಅದೇ ದೊಡ್ಡ ಗುರುತು. ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರು, ಪಕ್ಕೆ ಒಳಗೆ ಎಳೆಯುವುದು, ಮೈ ಸುಡುವುದು ಇಲ್ಲವೇ ತಣ್ಣಗಾಗುವುದು, ಎಬ್ಬಿಸಿದರೂ ಏಳದಿರುವುದು, ಸೆಟೆಯುವುದು, ಹೊಕ್ಕಳ ಸುತ್ತ ಕೆಂಪು, ಕೀವು. ಇವುಗಳಲ್ಲಿ ಒಂದು ಕಂಡರೂ ಹೊರಡಿ; ದೊಡ್ಡ ಕೂಸುಗಳಿಗೆ ಜ್ವರ ಬರುತ್ತದೆ, ಹಸುಗೂಸು ಮಾತ್ರ ಸುಮ್ಮನೆ ತಣ್ಣಗಾಗುತ್ತ ಹೋಗಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28, 42ನೆಯ ದಿನ ಬರಬೇಕು. ಬಂದಾಗ ಕೂಸಿನ ಬಟ್ಟೆ ಬಿಚ್ಚಿ ತೋರಿಸಿ.

ಹೊಕ್ಕಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ, ಒಣಗಲು ಬಿಡಿ. ಬಾಣಂತಿಗೆ ಜ್ವರ ಬಂದು ಸ್ರಾವ ನಾರಿದರೆ ಆಕೆಗೂ ಅಷ್ಟೇ ಅವಸರ. ವಿಯೆನ್ನಾದಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರಿಗೆ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಿರಿ ಎಂದದ್ದು ಬಾಣಂತಿಯರನ್ನು ಈ ಜ್ವರದಿಂದ ಉಳಿಸಲಿಕ್ಕೇ. ಕೂಸನ್ನು ನೋಡಲು ಬಂದ ಬೀಗರಿಗೂ ಮೊದಲು ಕೈ ತೊಳೆಯಲು ನೀರು ಕೊಡಿ.

"ಎಲ್ಲಿ ತೋರಿಸಬೇಕು? ಖರ್ಚೆಷ್ಟಾಗತೈತಿ?"

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಸುರಿಯರಲ್ಲದವರಿಗೆ ಸುರಕ್ಷಾ ಕ್ಲಿನಿಕ್. ಹೆರಿಗೆ, ಸಿಸೇರಿಯನ್, ಔಷಧ, ರಕ್ತಪರೀಕ್ಷೆ, ಕೂಸಿನ ಚಿಕಿತ್ಸೆ ಇವೆಲ್ಲ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ಕೂಸಿಗೆ ಹೆಚ್ಚಿನ ಆರೈಕೆ ಬೇಕಾದರೆ ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್‌ಗೆ ಕಳಿಸುತ್ತಾರೆ.

"ಕುಬಸ ಮುಗಿಸಿ ತವರಿಗೆ ಹೊಂಟೀನಿ. ಏನೇನು ಒಯ್ಯಲ್ರೀ?"

ತಾಯಿ ಕಾರ್ಡ್. ಗಂಡನ ಮನೆಯ ಟ್ರಂಕಿನಲ್ಲಿ ಕಾರ್ಡ್ ಬಿಟ್ಟು ತವರಲ್ಲಿ ಹೆರಿಗೆಗೆ ಬರುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ಆಗ ಯಾವ ಪರೀಕ್ಷೆ ಆಗಿದೆ, ಯಾವ ಇಂಜೆಕ್ಷನ್ ಆಗಿದೆ ಎಂದು ನಡುರಾತ್ರಿ ಯಾರಿಗೂ ತಿಳಿಯುವುದಿಲ್ಲ. ಹೊರಡುವ ಮೊದಲು ಅದನ್ನು ತೆರೆದು ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮೂರರ ಮುಂದೆಯೂ ಫಲಿತಾಂಶ ಬರೆದಿದೆಯೇ ನೋಡಿ. ಓದಲು ಬಾರದಿದ್ದರೆ ಆಶಾಗೆ ಓದಿಸಿ. ಖಾಲಿ ಇದ್ದರೆ ಬಸ್ಸು ಹತ್ತುವ ಮೊದಲು ರಕ್ತ ಕೊಟ್ಟು ಬರೆಸಿಕೊಳ್ಳಿ. ಕಾರ್ಡಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ, ಬಳೆ ಸೀರೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲಿಡಿ.